ಕಪ್ಪು ತೆರೆಯ ಮೇಲಿನ ಚುಕ್ಕಿಗಳು

ಕೋರಮಂಡಲ್, ಕೆ.ಜಿ.ಎಫ್.
೧೮ ನವೆಂಬರ್ ೧೯೯೬

ಪ್ರೀತಿಯ ಕನಕ,

ನೀನು, ನಿಮ್ಮ ಯಜಮಾನರು, ಪುಟ್ಟಿ ಎಲ್ಲರೂ ಕ್ಷೇಮವೆಂದುಕೊಂಡಿದ್ದೇನೆ. ನಾನು ಇದ್ದೇನೆ. ನಿನ್ನ ಕಾಗದ ದಸರೆಗೆ ಮುಂಚೆಯೇ ಬಂತು. ಉತ್ತರ ಬರೆಯಲು ಕೂತು ಎಷ್ಟೋ ಸಲ ಹಾಗೇ ಎದ್ದುಬಿಟ್ಟೆ. ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ.

ನಿಮ್ಮಣ್ಣ ಜಯರಾಮಪ್ಪನವರು ಗಣಿಯೊಳಗೆ ತೀರಿಕೊಂಡ ಮೇಲೆ ನೀನು ಕೇಳಿದ್ದು ಒಂದೇ ಮಾತು: 'ಆ ಕೇಬಲ್ ಹೊಸದು, ಅಣ್ಣ ತಾನೇ ನಿಂತು ಎಳೆಸಿದ್ದು. ಅದು ಹೇಗೆ ಕೆಟ್ಟಿತು?' ಗಣಿ ಆಫೀಸಿನ ಇದೇ ಕೊಠಡಿಯಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡಿದವಳು ನೀನು. ಏನೋ ಒಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾಗದು.

ನೀನು ಮದುವೆಯಾಗಿ ಹೊಸಪೇಟೆಗೆ ಹೋದ ಮೇಲೆ ಇಲ್ಲಿಗೆ ಯೂನಿಕ್ಸ್ ಕಂಪ್ಯೂಟರ್ ಯಂತ್ರ ಬಂತು. ನೆಲದಡಿ ಬಂಡೆ ಅದುರಿದ ಸುದ್ದಿ ಕೇಬಲ್ಲಿನಲ್ಲಿ ಬಂದಾಗಲೆಲ್ಲ ನಕ್ಷೆಯ ಮೇಲೆ ಒಂದು ಚುಕ್ಕಿ ಇಡುವ ನಮ್ಮ ಹಳೆಯ ಪ್ರೋಗ್ರಾಂ ಅದಕ್ಕೂ ಹೋಯಿತು. ಚಿತ್ರ ಬಿಡಿಸಲು ನಾವು ಬಳಸುತ್ತಿದ್ದ ಟೂಲ್‌ಕಿಟ್‌ನಲ್ಲಿ ಬರೆದದ್ದು ಯಾವ ಯಂತ್ರದಲ್ಲಾದರೂ ಓಡುತ್ತದೆ ಎಂದು ಇಬ್ಬರೂ ಜಂಬ ಪಡುತ್ತಿದ್ದೆವಲ್ಲ, ಓಡಿತು. ಆದರೆ ಹೊಸ ಯಂತ್ರದಲ್ಲಿ ತೆರೆಯ ಮೇಲೆ ಚಿತ್ರ ಬಿಡಿಸುವುದು ಡಿಸ್‌ಪ್ಲೇ ಸರ್ವರ್ ಎಂಬ ಬೇರೊಂದು ಪ್ರೋಗ್ರಾಂ. ಅದರ ಫೈಲುಗಳು ಎಲ್ಲಿವೆ, ಅದು ಬಣ್ಣಗಳನ್ನು ಹೇಗೆ ಹಂಚುತ್ತದೆ ಎಂಬುದನ್ನು ಟೂಲ್‌ಕಿಟ್ ಸಿದ್ಧಮಾಡುವಾಗಲೇ ತಿಳಿಸಬೇಕು. ಯಂತ್ರ ಕೂರಿಸಲು ಬಂದವನು ಅದು ಕೇಳಿದ್ದಕ್ಕೆಲ್ಲ ಬರೀ ಎಂಟರ್ ಒತ್ತಿದ. ನಾನೂ ಪಕ್ಕದಲ್ಲೇ ಇದ್ದೆ. ಎಲ್ಲೂ ತಪ್ಪೆಂದು ತೋರಿಸಲಿಲ್ಲ. ಗಣಿಯ ಮೇಲಿನ ಹಂತಗಳ ಹಸಿರು ಚುಕ್ಕಿ, ನಡುವಿನ ಹಳದಿ ಚುಕ್ಕಿ ಬಂದವು. ನಮ್ಮ ಶ್ರೀನಿವಾಸಪ್ಪ ಸಾಹೇಬರು ಎಲ್ಲರಿಗೂ ಜಿಲೇಬಿ ತರಿಸಿದರು.

ತೀರಾ ಆಳದ ಚುಕ್ಕಿಗಳು ಕೆಂಪಾಗಿರಬೇಕು. ಅವು ಬರಲೇ ಇಲ್ಲ. ಮೊದಮೊದಲು ತಳ ತಣ್ಣಗಿದೆ ಎಂದು ಸಂತೋಷಪಟ್ಟೆವು. ಆಮೇಲೆ ಸಾಹೇಬರಿಗೆ ಅನುಮಾನ ಬಂತು. "ಕೇಬಲ್ ಕಟ್ ಆಗಿರಬೇಕು ಜಯರಾಮಪ್ಪ, ಕೆಳಗೆ ಹೋಗಿ ನೋಡಿ" ಎಂದರು. ಹೆಂಗಸರನ್ನು ಗಣಿಗೆ ಇಳಿಸುವುದಿಲ್ಲ, ನಿನಗೆ ಗೊತ್ತು. ಅಂಥದ್ದೆಲ್ಲ ಅಣ್ಣನ ಪಾಲಿಗೇ.

"ಕೇಬಲ್ ಕೆಟ್ಟಿರಾಕಿಲ್ಲ ಕಣಮ್ಮ," ಎಂದರು ಅಣ್ಣ, ತಲೆಗೆ ಟೋಪಿ ಹಾಕಿಕೊಳ್ಳುತ್ತಾ. "ಆದ್ರೂ ಓಗಿ ನೋಡ್ಕೊಂಡು ಬತ್ತೀನಿ. ನೀನು ತೆರೆ ಮುಂದೇನೇ ಕುಂತಿರು. ಕೆಂಪು ಕಂಡ್ರೆ ಕೆಳಕ್ಕೆ ಫೋನ್ ಮಾಡ್ಸು."

ಕೂತಿದ್ದೆ, ಕನಕ. ನೀರು ಕುಡಿಯಲೂ ಏಳಲಿಲ್ಲ. ಕೆಂಪು ಕಾಣಲಿಲ್ಲ. ಮಧ್ಯಾಹ್ನ ನೆಲ ಒಮ್ಮೆ ಎದ್ದು ಕುಸಿದಂತಾಯಿತು. ಮೇಜಿನ ಮೇಲಿದ್ದ ಲೋಟ ಉರುಳಿತು. ಹೊರಗೆ ಯಾರೋ "ಏರ್ ಬ್ಲಾಸ್ಟ್" ಎಂದರು. ಕಾರ್ಮಿಕರ ಲೈನು ಮನೆಗಳಿಂದ ಹೆಂಗಸರು ಗಣಿಬಾಯಿಯ ಕಡೆ ಓಡಿದರು. ಬಂಡೆ ಸಿಡಿದು ದಾರಿ ಮುಚ್ಚಿತ್ತು. ಅಣ್ಣನನ್ನು ಮೇಲೆ ತಂದದ್ದು ಮರುದಿನ. ಉಳಿದದ್ದನ್ನು ನೀನೇ ಬಂದು ನೋಡಿದ್ದೀಯ.

ಕೆಲಸಕ್ಕೆ ಮರಳಿದರೂ ನಾನು ಯಾವುದನ್ನೂ ಮುಟ್ಟಿ ನೋಡಿರಲಿಲ್ಲ. ನಿನ್ನ ಪ್ರಶ್ನೆ ಓದಿದ ಮೇಲೆಯೇ ಅನುಮಾನ ಕೇಬಲ್ ಬಿಟ್ಟು ತೆರೆಯ ಕಡೆ ತಿರುಗಿದ್ದು. ನಕ್ಷೆಯ ಹಿಂದಿನ ಕಪ್ಪು ಬಣ್ಣ ತೆಗೆದು ಬೂದಿ ಬಣ್ಣ ಹಾಕಿದೆ. ತಳದ ತುಂಬ ಕಪ್ಪು ಚುಕ್ಕಿಗಳು ಎದ್ದು ನಿಂತವು. ಟೂಲ್‌ಕಿಟ್ ಕೇಳಿದ ಕೆಂಪನ್ನು ಸರ್ವರ್ ಕೊಟ್ಟಿರಲಿಲ್ಲ, ಟೂಲ್‌ಕಿಟ್ ಸುಮ್ಮನೆ ಕಪ್ಪಿನಲ್ಲಿ ಬರೆದಿತ್ತು. ಕಪ್ಪಿನ ಮೇಲೆ ಕಪ್ಪು. ಎಲ್ಲವನ್ನೂ ಸರಿಯಾಗಿ ತಿಳಿಸಿ ಟೂಲ್‌ಕಿಟ್ಟನ್ನು ಮೊದಲಿನಿಂದ ಮತ್ತೆ ಸಿದ್ಧಮಾಡಿದೆ. ಕೆಂಪು ಬಂತು.

ಆಮೇಲೆ ಆ ದಿನದ ದಾಖಲೆ ಹಾಕಿ ನೋಡಿದೆ. ಬೇಡವೆಂದು ಮನಸ್ಸು ಹೇಳುತ್ತಿತ್ತು. ಅಣ್ಣ ಹೋದ ಜಾಗದ ಸುತ್ತ ಬೆಳಗಿನಿಂದಲೇ ರಾಗಿ ಚೆಲ್ಲಿದಂತೆ ಚುಕ್ಕಿಗಳು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದ ತೆರೆಯ ಮೇಲೇ ಅವೆಲ್ಲ ಇದ್ದವು. ಕಂಡಿದ್ದರೆ ಯಾರನ್ನೂ ಅಲ್ಲಿಗೆ ಬಿಡುತ್ತಿರಲಿಲ್ಲ.

ಸಾಹೇಬರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಮೇಲಿನವರಿಗೆ ಬರೆದು ಕಳಿಸೋಣಮ್ಮ" ಎಂದರು. ಇನ್ನೂ ಕಳಿಸಿಲ್ಲ. ಕಳಿಸುತ್ತಾರೆಂದೂ ನನಗೆ ಅನ್ನಿಸುವುದಿಲ್ಲ.

ಇದೇ ನಿನ್ನ ಪ್ರಶ್ನೆಗೆ ಉತ್ತರ. ಕೇಬಲ್ ಕೆಟ್ಟಿರಲಿಲ್ಲ. ಅಣ್ಣ ಮಾಡಿದ ಕೆಲಸ ಗಟ್ಟಿಯಾಗಿಯೇ ಇತ್ತು.

ಇಲ್ಲಿ ಚಳಿ ಶುರುವಾಗಿದೆ. ಪುಟ್ಟಿಗೆ ಸ್ವೆಟರ್ ಹೆಣೆದಿದ್ದೇನೆ, ಬಂಗಾರಪೇಟೆಯಿಂದ ನಿಮ್ಮ ಕಡೆಗೆ ಬರುವವರ ಕೈಲಿ ಕಳಿಸುತ್ತೇನೆ. ಮಗು ನೂರು ಕಾಲ ಬಾಳಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಗಂಗರತ್ನ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ನಿಮ್ಮತ್ತಿಗೆ ಪಾಪಕ್ಕ, ನಿಮ್ಮಮ್ಮ ಮುನಿಶಾಮಮ್ಮನವರನ್ನು ಕರೆದುಕೊಂಡು ಆಫೀಸಿಗೆ ಬಂದಿದ್ದರು. "ಅವರು ತಂತಿ ಸರಿ ಮಾಡ್ಬುಟ್ಟೇ ಪ್ರಾಣ ಬಿಟ್ರಂತೆ, ಅದಕ್ಕೇ ಈಗ ಕೆಂಪು ಚುಕ್ಕಿ ಬತ್ತಾವಂತೆ. ನಮ್ ಬೀದೀಲೆಲ್ಲ ಅದೇ ಮಾತು. ಅತ್ತೆಗೆ ಒಂದ್ಸಲ ತೋರ್ಸಮ್ಮ" ಎಂದರು ಪಾಪಕ್ಕ. ತೋರಿಸಿದೆ. ಅಮ್ಮ ತೆರೆಯ ಗಾಜು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. "ಇದು ನನ್ ಮಗ ಮಾಡಿದ್ದೇ ಏನಮ್ಮ?" ಎಂದು ಕೇಳಿದರು. ಹೌದಮ್ಮ ಎಂದೆ. ಸಂಕ್ರಾಂತಿಗೆ ನೀನು ಬಂದಾಗ ಅವರು ನಿನ್ನನ್ನೂ ಕೇಳುತ್ತಾರೆ. ನೀನೂ ಹೌದು ಅನ್ನು, ಕನಕ.