ಮೂಗು ಹಿಡಿದು ಕೆನ್ನೆಗೆ

ತೋಪನಹಳ್ಳಿ, ಶ್ರೀನಿವಾಸಪುರ ತಾಲ್ಲೂಕು
ಸೋಮವಾರ, ೧೪ ಫೆಬ್ರವರಿ ೧೯೪೪

ಆದಿಲಕ್ಷ್ಮಿಯ ಅಪ್ಪನವರಿಗೆ ಮನೆಯಿಂದ ಭಾರತಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಸೊಂಟನೋವು ಈಗ ಹೇಗಿದೆ? ದಿನವಿಡೀ ಮಿಲಿಟರಿ ಲಾರಿ ಓಡಿಸಿ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ಅಲ್ಲಿ ಬಿಸಿನೀರು ಕೇಳಿದರೆ ಕೊಡುತ್ತಾರೋ ಇಲ್ಲವೋ. ಊರ ಹೆಸರು ಬರೆಯುವಂತಿಲ್ಲವಂತೆ, ಹಾಗಾಗಿ ಅಲ್ಲಿ ಚಳಿಯೋ ಸೆಕೆಯೋ ಎಂಬುದೂ ನನಗೆ ತಿಳಿಯದು. ಇಲ್ಲಿ ಮಾವು ಹೂ ಬಿಟ್ಟಿದೆ. ಮಾವನವರು ಬೆಳಗಾದರೆ ತೋಪಿಗೆ ಹೋಗಿ ಒಂದೊಂದು ಮರದ ಕೆಳಗೂ ನಿಂತು ಮೇಲೆ ನೋಡಿ ಬರುತ್ತಾರೆ. ಸೀಮೆಎಣ್ಣೆ ಸಿಗುವುದು ಕಷ್ಟ, ಅದಕ್ಕೇ ಇದನ್ನು ಹೊತ್ತು ಮುಳುಗುವುದರೊಳಗೆ ಬರೆಯುತ್ತಿದ್ದೇನೆ.

ಮಗಳ ಓದು ಹೇಗಿದೆ ಎಂದು ಕೇಳಿದ್ದಿರಿ. ಮನೆಯಲ್ಲಿ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುವವಳು ಈಚೆಗೆ ಶಾಲೆಯಲ್ಲಿ ಬೇಕೆಂದೇ ತಪ್ಪು ಹೇಳುತ್ತಾಳೆ. ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ನಿಮಗೆ ಗೊತ್ತಿರುವ ಪದ್ಧತಿಯೇ. ಉತ್ತರ ಹೇಳಿದವರು, ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. (ನೀವೂ ಹೊಡೆಸಿಕೊಂಡವರೇ, ನಗಬೇಡಿ.) ಕೋದಂಡರಾಮಪ್ಪ ಮೇಷ್ಟ್ರು ಅದನ್ನು ಇನ್ನೂ ಬಿಟ್ಟಿಲ್ಲ. ಇವಳು ಮೊದಮೊದಲು ಮೆಲ್ಲಗೆ ತಟ್ಟಿದಳಂತೆ. “ಹಂಗಲ್ಲಮ್ಮ ಹೊಡೆಯೋದು, ಹಿಂಗೆ” ಎಂದು ಮೇಷ್ಟ್ರು ಇವಳ ಕೆನ್ನೆಗೇ ಹೊಡೆದು ತೋರಿಸಿದರಂತೆ. ಆಮೇಲೆ ಇವಳೂ ಬಲವಾಗಿ ಹೊಡೆದಳು. ಹೆಚ್ಚು ಏಟು ತಿಂದವನು ಗಂಗುಲಪ್ಪನವರ ಮಗ ಕದಿರೇಶ.

ಅಲ್ಲಿಂದೀಚೆಗೆ ಶಾಲೆ ಬಿಟ್ಟ ಮೇಲೆ ಅವನೂ ಅವನ ಜೊತೆಯವರೂ ಕೆರೆ ಕಟ್ಟೆಯ ಮೇಲೆ ಇವಳನ್ನು ಅಡ್ಡಗಟ್ಟುತ್ತಾರೆ. “ಮೇಷ್ಟ್ರಮ್ಮ ಬಂದ್ಲು, ಕೆನ್ನೆ ಮುಚ್ಕೊಳ್ರೋ!” ಅನ್ನುವುದು, ಜಡೆ ಎಳೆಯುವುದು, ಸ್ಲೇಟು ಕಿತ್ತುಕೊಂಡು ಕೆಸರಿಗೆ ಎಸೆಯುವುದು. ಇದು ಮಾವನವರ ಕಿವಿಗೆ ಬಿದ್ದಾಗ, “ಓದಿದ್ದು ಸಾಕು, ಮನೇಲಿರ್ಲಿ ಬಿಡಮ್ಮ” ಎಂದುಬಿಟ್ಟರು. ಪರೀಕ್ಷೆಯೊಂದು ಮುಗಿಯಲಿ ಎಂದು ಬೇಡಿಕೊಂಡಿದ್ದೇನೆ. ಮಗು ಹೀಗೆ ಬಾಯಿ ಮುಚ್ಚಿಕೊಂಡರೆ ಪರೀಕ್ಷೆ ತಾನೇ ಹೇಗೆ ಮುಗಿದೀತು?

ನಿನ್ನೆ ಜಗಳವಾಡಿಯೇ ಬಿಡಬೇಕೆಂದು ಗಂಗುಲಪ್ಪನವರ ಮನೆಗೆ ಹೋದೆ. ಕದಿರೇಶನ ತಾಯಿ ಬಚ್ಚಮ್ಮ ಮಗನ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಬೆನ್ನ ತುಂಬ ಬಾಸುಂಡೆ. “ಹುಡುಗಿ ಕೈಲಿ ಹೊಡೆಸ್ಕೊಂಡು ಬಂದ್ಯೇನ್ಲಾ” ಎಂದು ಅವರಪ್ಪ ಪ್ರತಿ ಸಲವೂ ಮನೆಯಲ್ಲಿ ಇನ್ನೊಮ್ಮೆ ಹೊಡೆಯುತ್ತಾರಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಬೈಗುಳವನ್ನೆಲ್ಲ ಮರೆತು ಬಚ್ಚಮ್ಮನ ಪಕ್ಕ ಕುಳಿತೆ. ಹಾಗೆಂದು ಅವನು ಮಾಡಿದ್ದನ್ನು ಬಿಟ್ಟು ಬರಲೂ ಮನಸ್ಸಾಗಲಿಲ್ಲ. “ಲೇ ಕದಿರೇಶ, ನಿನ್ನ ಕಂಡ್ರೆ ಅವಳು ದಾರಿ ಬಿಟ್ಟು ಹೊಲದಲ್ಲಿ ಓಡ್ತಾಳೆ ಕಣೋ. ನಿಂಗೆ ಹೊಡೆಯೋಕೆ ಅವಳಿಗೇನು ಆಸೆಯಾ?” ಎಂದೆ. “ಮತ್ಯಾಕೆ ಹೊಡೀತಾಳೆ?” ಎಂದ. ಮನೆಗೆ ಬಂದು ಮಗಳಿಗೆ ಎಲ್ಲವನ್ನೂ, ಅವನ ಬೆನ್ನಿನ ವಿಷಯವನ್ನೂ ಹೇಳಿದೆ. ಅವಳು ಮುದ್ದೆ ಮುರಿಯುತ್ತ ಕೇಳಿಸಿಕೊಂಡಳು.

ಏನು ಮಾಡಬೇಕೆಂದು ನೀವೇ ಬರೆಯಿರಿ. ಗಂಡಸರು ಹೇಳಿದರೆ ಮೇಷ್ಟ್ರು ಕೇಳಿಯಾರು. ಅತ್ತೆ ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಅಪ್ಪನಿಗೆ ನನ್ನ ನಮಸ್ಕಾರ ಬರಿ ಎಂದು ಮಗಳು ಒಳಗಿಂದಲೇ ಕೂಗಿದಳು. ನಿದ್ದೆಗೆಟ್ಟು ಲಾರಿ ಓಡಿಸಬೇಡಿ.

ನಿಮ್ಮ
ಭಾರತಮ್ಮ

ತಾ.ಕ.: ಮಂಗಳವಾರ ಸಂಜೆ. ಟಪಾಲಿಗೆ ಹಾಕುವ ಮುಂಚೆ ಇದೊಂದು. ಇವತ್ತು ಆದಿಲಕ್ಷ್ಮಿ ಲೆಕ್ಕಕ್ಕೆ ಸರಿಯಾದ ಉತ್ತರ ಹೇಳಿ, ಕೈ ಹಿಂದೆ ಕಟ್ಟಿಕೊಂಡು, “ಹೊಡೆಯಲ್ಲ ಸಾರ್” ಅಂದಳಂತೆ. ಮೇಷ್ಟ್ರು ಕದಿರೇಶನನ್ನು ಎಬ್ಬಿಸಿ, “ಹಂಗಾದ್ರೆ ನೀನು ಹೊಡಿಯೋ ಅವಳಿಗೆ” ಎಂದರಂತೆ. ಅವನು ಇವಳ ಮೂಗು ಹಿಡಿದ, ಕೈ ಎತ್ತಿದ, ಹಾಗೇ ಇಳಿಸಿದ. ಇಬ್ಬರ ಅಂಗೈಗೂ ಬೆತ್ತದ ಏಟು ಬಿದ್ದಿದೆ. ಹೊಡೆಯುವುದಾದರೆ ಮಾತ್ರ ನಾಳೆ ಬನ್ನಿ ಎಂದಿದ್ದಾರೆ. ನಿಮ್ಮ ಕಾಗದ ಬರುವಷ್ಟರಲ್ಲಿ ಪರೀಕ್ಷೆ ಮುಗಿದುಹೋಗಿರುತ್ತದೆ. ಬೆಳಿಗ್ಗೆ ನಾನೂ ಬಚ್ಚಮ್ಮನೂ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋಗುತ್ತೇವೆ. ಮಾವನವರಿಗೆ ಹೇಳಿಲ್ಲ. ನಿಮಗೆ ಹೇಳಿದ್ದೇನೆ.