ಬೀಗ ಹಾಕಿದ ನಕ್ಷೆ

ಸುವಾ
ಜುಲೈ 6, ಶನಿವಾರ

ಪ್ರೀತಿಯ ತರಾಯಿವಿನಿ ಅಕ್ಕನಿಗೆ,

ನಿನ್ನ ಕಾಗದ ಮಂಗಳವಾರದ ಹಡಗಿನಲ್ಲಿ ಬಂತು. ಭಾವ ತೀರಿಕೊಂಡ ನೂರನೆಯ ದಿನದ ಕಾರ್ಯಕ್ಕೆ ನಾನು ಬರಬೇಕು, ಊರವರೆದುರು ಅವರ ಬಗ್ಗೆ ನಾಲ್ಕು ಮಾತಾಡಬೇಕು ಎಂದು ಬರೆದಿದ್ದೀಯ. “ಮನೇಲಿ ಓದಿದೋಳು ನೀನೊಬ್ಳೇ, ಇನ್ಯಾರು ಮಾತಾಡ್ಬೇಕು?” ಎಂದು ಕೇಳಿದ್ದೀಯ. ಅದಕ್ಕೂ ಮೊದಲು ನಿನಗೊಂದು ವಿಷಯ ತಿಳಿದಿರಬೇಕು. ಅವರನ್ನು ಮಣ್ಣು ಮಾಡಿದ ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ತುಟಿ ಬಿಚ್ಚದೆ ಕೂತಿದ್ದೆ. ಭಾವನ ಮೇಲೆ ಎಷ್ಟು ಜೀವ ಇವಳಿಗೆ ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಜೀವವಿದ್ದದ್ದು ನಿಜ. ಆದರೆ ನನ್ನ ಬಾಯಿ ಕಟ್ಟಿದ್ದು ಅದರಿಂದಲ್ಲ.

ಚಂಡಮಾರುತ ಬಂದುಹೋದ ಮೇಲೆ ಮೀನಿನ ವಿಷ ಪರೀಕ್ಷಿಸಲು ನಾನು ಊರಿಗೆ ಬಂದು ಮೂರು ತಿಂಗಳು ಇದ್ದೆನಲ್ಲ, ಆಗ ನನ್ನನ್ನು ದೋಣಿಯಲ್ಲಿ ಸುತ್ತಿಸಿದ್ದು ಇಲೈತಿಯಾ ಭಾವ. ಯಾವ ಹವಳದ ದಿಬ್ಬಕ್ಕೆ ಏನು ಹೆಸರು, ಯಾವ ತಿಂಗಳಲ್ಲಿ ಅಲ್ಲಿ ಯಾವ ಮೀನು, ಎಲ್ಲಾ ಹೇಳಿಕೊಟ್ಟವರು ಅವರು. ಹಿಡಿದದ್ದನ್ನೆಲ್ಲ ನಾನು ಐಸ್ ಪೆಟ್ಟಿಗೆಗೆ ತುಂಬುವಾಗ ರೇಗಿಸುತ್ತಿದ್ದರು. “ಡಾಕ್ಟರಮ್ಮಾ, ಹಿಡಿಯೋನು ನಾನು, ಹೊತ್ಕೊಂಡು ಹೋಗೋಳು ನೀನು. ನಿನ್ನ ಅಕ್ಕನ ಸಾರಿಗೆ ಒಂದು ಬಾಲನಾದ್ರೂ ಬಿಡೇ!” ಸಂಜೆ ನಾನು ನಕ್ಷೆ ಬರೆಯಲು ಕೂತರೆ ಕುಡಿಯುತ್ತಿದ್ದ ಯಂಗೋನ ಬೇರಿನ ಪಾನಕದ ಬಟ್ಟಲು ಪಕ್ಕಕ್ಕಿಟ್ಟು, ಒಂದೊಂದು ದಿಬ್ಬದ ಹೆಸರನ್ನೂ ತಾವೇ ಪೆನ್ಸಿಲ್ಲಿನಲ್ಲಿ ಬರೆದರು. ಹೊರಟ ದಿನ ಕೇಳಿದ್ದೊಂದೇ: “ಏನು ಸಿಕ್ತು ಅಂತ ನಮಗೂ ಹೇಳ್ತೀಯ ತಾನೇ?”

ಹೇಳುತ್ತೇನೆ ಎಂದಿದ್ದೆ.

ಪರೀಕ್ಷೆಯಲ್ಲಿ ನಾವ್ಯಾರೂ ಎಣಿಸದ್ದು ಕಂಡಿತು. ಸದಾ ನೀರು ಹರಿಯುವ ಜಾಗ, ಅಲ್ಲಿ ಕೊಳೆ ನಿಲ್ಲುವುದಿಲ್ಲ ಎಂದು ಊರೆಲ್ಲ ನಂಬಿದ್ದ ಹೊರದಿಬ್ಬದ ದೊಡ್ಡ ಮೀನುಗಳಲ್ಲೇ ವಿಷವಿತ್ತು. ಬೇಯಿಸಿದರೂ ಹೋಗದ, ವಾಸನೆಗೂ ರುಚಿಗೂ ಸಿಗದ ವಿಷ. ಒಳಗಿನ ದಿಬ್ಬಗಳು ಚೊಕ್ಕವಾಗಿದ್ದವು. ಅಚ್ಚಾಗುವವರೆಗೆ ಯಾರಿಗೂ ಬಾಯಿ ಬಿಡಬೇಡ ಎಂದರು ಪ್ರೊಫೆಸರ್. ಒಂದು ವರ್ಷ ಕಾದೆ. ಕೊನೆಗೆ ದೊಡ್ಡ ಹೆಸರಿನ ಸಂಶೋಧನಾ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿತು. ಬರೆದವರು ಶುಲ್ಕ ಕಟ್ಟಿದರೆ ಲೋಕವೆಲ್ಲ ಬಿಟ್ಟಿಯಾಗಿ ಓದಬಹುದು. ಕಟ್ಟದಿದ್ದರೆ ಓದುವವರು ಕಟ್ಟಬೇಕು. ನಮ್ಮ ವಿಭಾಗದ ಹತ್ತಿರ ಅಷ್ಟು ಹಣ ಇರಲಿಲ್ಲ. “ಓದಬೇಕಾದವರಿಗೆಲ್ಲ ಅವರವರ ಲೈಬ್ರರಿ ಇರುತ್ತೆ ಬಿಡಮ್ಮ” ಎಂದರು ಪ್ರೊಫೆಸರ್. ಒಪ್ಪಂದಕ್ಕೆ ಸಹಿ ಹಾಕಿದೆ. ಓದಬೇಕಾದವರು ಯಾರು ಎಂದು ನಾನಾದರೂ ಕೇಳಬಹುದಿತ್ತು.

ಹಣದ ಬೀಗದ ಹೊರಗೆ ಉಳಿದದ್ದು ಸಾರಾಂಶದ ಹತ್ತು ಸಾಲು. ಅದರಲ್ಲಿ “ದ್ವೀಪದ ಕೆಲವು ದಿಬ್ಬಗಳಲ್ಲಿ ವಿಷ ಕಂಡುಬಂದಿದೆ” ಎಂದಷ್ಟೇ ಇತ್ತು. ಯಾವ ದಿಬ್ಬ ಎಂಬುದು ಒಳಗಿನ ನಕ್ಷೆಯಲ್ಲಿತ್ತು. ಮೀನುಗಾರಿಕೆ ಕಚೇರಿಯವರು ಊರಿಗೆ ಬಂದು ತಿಳಿಸುತ್ತಾರೆ ಎಂದುಕೊಂಡು ಸುಮ್ಮನಾದೆ. ಅವರಿಗೂ ಹತ್ತು ಸಾಲಿನಾಚೆ ತೆರೆಯಲಾಗಿರಲಿಲ್ಲ ಎಂದು ಗೊತ್ತಾಗಿದ್ದು ಈಗ.

ಭಾವನಿಗೂ ತೆರೆಯಲಿಲ್ಲ. ಫೆಬ್ರವರಿಯಲ್ಲಿ ಅವರು ಗುಡ್ಡ ಹತ್ತಿ ಶಾಲೆಗೆ ಹೋಗಿ, ಎಪೆಲಿ ಮಾಸ್ತರ ಕಂಪ್ಯೂಟರಿನಲ್ಲಿ ಹುಡುಕಿಸಿದರಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿದರು. “ಅಲ್ವೇ ಸೆರೈಮಾ, ಮೇಲೆ ನಿನ್ನ ಹೆಸರೇನೋ ಇದೆ, ಕೆಳಗೆ ನೋಡಿದ್ರೆ ಕಾರ್ಡ್ ನಂಬರ್ ಹಾಕು ಅಂತಾನೆ. ನನ್ನ ದಿಬ್ಬ ನಂಗೆ ತೋರಿಸೋಕೆ ಇವನ್ಯಾವನೇ ಕಾಸು ಕೇಳೋನು?” ಮಾಸ್ತರು ಹಿಂದಿನಿಂದ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ. ಕಳಿಸಿಕೊಡುತ್ತೇನೆ ಭಾವ ಎಂದೆ.

ಕಳಿಸಲಿಲ್ಲ ಅಕ್ಕ. ಕಳಿಸಲು ಯಾವ ಅಡ್ಡಿಯೂ ಇರಲಿಲ್ಲ. ನಮ್ಮ ಗ್ರಂಥಾಲಯದ ಸುಲುವೇತಿ ಮೂರು ಸಲ ಬರೆದಿದ್ದಳು. “ನೀನೇ ಟೈಪ್ ಮಾಡಿದ ಪ್ರತಿಯನ್ನು ವಿಶ್ವವಿದ್ಯಾಲಯದ ಮುಕ್ತ ಭಂಡಾರದಲ್ಲಿಡಲು ಪತ್ರಿಕೆಯ ಒಪ್ಪಿಗೆಯಿದೆ, ಯಾರು ಬೇಕಾದರೂ ಓದಬಹುದು, ಫೈಲು ಕೊಡು ಸಾಕು” ಎಂದು. ಆ ಪ್ರತಿಯಲ್ಲಿ ಇದ್ದದ್ದು ಭಾವನ ಕೈಬರಹದ ನಕ್ಷೆ. ಅಚ್ಚಿನಲ್ಲಿ ಅವರು ಬರೆದ ದಿಬ್ಬಗಳ ಹೆಸರುಗಳನ್ನೆಲ್ಲ ತೆಗೆದು ಒಂದು, ಎರಡು, ಮೂರು ಎಂದು ಹಾಕಿದ್ದರು, ಅದೇ ಅಂದವಾಗಿತ್ತು. ಪೆನ್ಸಿಲಿನ ಆ ನಕ್ಷೆ ನನ್ನ ಹೆಸರಿನ ಕೆಳಗೆ ಕಂಡರೆ ಶಾಲೆ ಮಕ್ಕಳ ಕೆಲಸದಂತಿರುತ್ತದೆ ಎಂದು ನಾಚಿಕೆಯಾಯಿತು. ನಾಳೆ ನೋಡೋಣ ಎಂದು ಬಿಟ್ಟೆ.

ಏಪ್ರಿಲ್ ನಿನಗೆ ನಾನು ಹೇಳಬೇಕಾಗಿಲ್ಲ. ಚರ್ಚಿನ ಊಟಕ್ಕೆಂದು ಭಾವ ಹೊರದಿಬ್ಬದಿಂದ ತಂದ ಕೆಂಪು ದಾಮು ಮೀನು, ತೆಂಗಿನ ಹಾಲಿನಲ್ಲಿ ನೀನೇ ಬೇಯಿಸಿದ್ದು. ತುಟಿ ಜುಮುಗುಟ್ಟುತ್ತದೆ, ತಣ್ಣೀರು ಮುಟ್ಟಿದರೆ ಸುಡುತ್ತದೆ ಎಂದರಂತೆ. ಜೊತೆಗೆ ಉಂಡು ಕಾಯಿಲೆ ಬಿದ್ದ ನಾಲ್ವರು ಉಳಿದರು. ಮೊದಲೇ ಸೋತಿದ್ದ ಭಾವನ ಹೃದಯ ಆಸ್ಪತ್ರೆಯ ದೋಣಿ ದಡ ಮುಟ್ಟುವವರೆಗೆ ತಡೆಯಲಿಲ್ಲ. “ನಾನು ಬೇಯಿಸಿದ್ದರಿಂದ ಹೀಗಾಯ್ತು” ಎಂದು ಎದೆ ಬಡಿದುಕೊಂಡೆಯಲ್ಲ, ಇನ್ನು ಬಡಿದುಕೊಳ್ಳಬೇಡ. ನಿನ್ನ ಕೈಯದ್ದೇನೂ ತಪ್ಪಿಲ್ಲ.

ಮಣ್ಣಾದ ಮೇಲೆ ನೀನು ನನ್ನ ಕೈ ಹಿಡಿದು ಹೇಳಿದೆ: “ಹೊರದಿಬ್ಬಕ್ಕೆ ಹೋಗ್ಬೇಡಿ ಅಂದೆ ಕಣೇ. ಅದಕ್ಕವರು, ‘ಕೆಟ್ಟದಿದ್ರೆ ನಮ್ಮ ಸೆರೈಮಾ ಹೇಳ್ತಿರಲಿಲ್ವಾ?’ ಅಂದ್ರು. ನಿನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ.” ನೀನು ಹಾಗೆ ಹೇಳಿದ್ದು ನನ್ನನ್ನು ಸಮಾಧಾನ ಮಾಡಲು. ಅಂದಿನಿಂದ ನಾನು ನೆಟ್ಟಗೆ ಉಂಡಿಲ್ಲ.

ಸುವಾಕ್ಕೆ ಬಂದ ಮರುದಿನವೇ ಸುಲುವೇತಿಗೆ ಫೈಲು ಕೊಟ್ಟೆ. ಪೆನ್ಸಿಲಿನ ನಕ್ಷೆಯೊಂದಿಗೆ. ಸಂಜೆಯೊಳಗೆ ಬೀಗ ಹೋಯಿತು. ಕಾಲು ಗಂಟೆಯ ಕೆಲಸ. ನಮ್ಮ ಮಾತಿನಲ್ಲೇ ಒಂದು ಹಾಳೆ ಬರೆದು, ನಕ್ಷೆ ಸಮೇತ ಮೂವತ್ತು ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಚರ್ಚಿಗೆ, ಅಂಗಡಿಗೆ, ದೋಣಿಕಟ್ಟೆಗೆ ಅಂಟಿಸಲು ಎಪೆಲಿ ಮಾಸ್ತರಿಗೆ ಹೇಳು.

ನೂರನೆಯ ದಿನ ನಾನು ಬರಬಹುದೇ ಎಂದು ನೀನು ಹೇಳಬೇಕು. ಬಾ ಎಂದರೆ ತಪ್ಪೊಪ್ಪಿಕೊಳ್ಳುವ ನಮ್ಮ ಪದ್ಧತಿಯಂತೆ ತಿಮಿಂಗಿಲದ ಹಲ್ಲು ಹಿಡಿದು, ಮಾತಾಡಲು ಅಲ್ಲ, ಕ್ಷಮೆ ಕೇಳಲು ಬರುತ್ತೇನೆ. ಬೇಡ ಎಂದರೆ ಕಾರ್ಯಕ್ಕೆ ಒಪ್ಪಿಸಬೇಕಾದ ಚಾಪೆಗಳನ್ನು ಚಿಕ್ಕಪ್ಪನ ಕೈಯಲ್ಲಿ ಕಳಿಸಿ ಇಲ್ಲೇ ಇರುತ್ತೇನೆ.

ನಿನ್ನ ತಂಗಿ,
ಸೆರೈಮಾ

ತಾ.ಕ.: ಒಂದನ್ನು ಮುಚ್ಚಿಟ್ಟೇ ಸಹಿ ಮಾಡಿಬಿಟ್ಟೆ. ಫೆಬ್ರವರಿಯ ಆ ಫೋನಿನಲ್ಲಿ ಭಾವ ಇನ್ನೊಂದು ಮಾತು ಕೇಳಿದ್ದರು. “ಕಾಗದ ಯಾವಾಗಾದ್ರೂ ಬರ್ಲಿ. ಎಲ್ಲಿ ಹಿಡೀಬಾರ್ದು ಅಂತ ಈಗ್ಲೇ ಒಂದು ಮಾತು ಹೇಳ್ಬಿಡೇ.” ಅವತ್ತು ನನಗೆ ಬಡ್ತಿ ಸಿಕ್ಕಿತ್ತು, ಕೋಣೆಯ ತುಂಬ ಜನ, ನನಗಾಗಿ ಕಾಯುತ್ತಿದ್ದರು. “ಅಂಥ ಅವಸರದ್ದೇನಲ್ಲ ಭಾವ” ಎಂದು ಫೋನ್ ಇಟ್ಟೆ.