ನಿಧಾನಪ್ಪನ ಅಜಾಗರೂಕತೆ

ಹೆದ್ದಾರಿ ವಿಭಾಗದ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ ಎಂದೇ ಕರೆಯುತ್ತೇನೆ. ಸತ್ತವರ ಮಾನ ತೆಗೆದವರಿಗೆ ಆ ಮಾತು ಎಷ್ಟು ಒಪ್ಪುತ್ತದೆ ಎಂಬುದನ್ನು ನೀವೇ ಹೇಳಬೇಕು.

ಬೆಟ್ಟದ ತಿರುವಿನಲ್ಲಿ ಬಸ್ಸು ಕಂದಕಕ್ಕೆ ಉರುಳಿ, ಅದರ ಚಾಲಕರಾಗಿದ್ದ ನನ್ನ ಗಂಡ ಸತ್ತರು. ಅದಕ್ಕೆ ‘ಚಾಲಕನ ಅಜಾಗರೂಕತೆಯೇ ಏಕೈಕ ಕಾರಣ’ ಎಂದು ನಿಮ್ಮ ಸಹಿಯಿರುವ ವರದಿ ಹೇಳುತ್ತದೆ. ಆ ವಾಕ್ಯ ಸುಳ್ಳು. ಇದನ್ನು ಊರೆಲ್ಲ ಓದುವಂತೆ ಏಕೆ ಬರೆಯುತ್ತಿದ್ದೇನೆಂದರೆ, ನಿಮಗೊಬ್ಬರಿಗೇ ಬರೆದ ಮನವಿಗಳು ನಿಮ್ಮ ಕಚೇರಿಯ ಒಳಗೆ ಹೋದವೇ ಹೊರತು ಹೊರಗೆ ಬರಲಿಲ್ಲ.

ಹಿರಿದಾದ ದಾರಿಗೆ ಹೆದ್ದಾರಿ ಎನ್ನುತ್ತಾರೆಂದು ಶಾಲೆಯಲ್ಲಿ ಕಲಿತಿದ್ದೆ. ನಮ್ಮದು ಉದ್ದದಲ್ಲಿ ಹಿರಿದು, ನಿಜ. ಬಯಲಿನಿಂದ ಹೊರಟು, ಬೆಟ್ಟಗಳ ಸೊಂಟ ಸುತ್ತಿ, ಸಣ್ಣ ಸಣ್ಣ ಪೇಟೆಗಳ ಅಂಗಡಿ ಮೆಟ್ಟಿಲುಗಳನ್ನು ಸವರಿಕೊಂಡು, ಆ ಕಡೆ ಇಳಿಯುವ ಹೊತ್ತಿಗೆ ಕೂತವರ ಬೆನ್ನುಮೂಳೆ ತನ್ನ ಜಾಗ ಮರೆತಿರುತ್ತದೆ. ಅಗಲದ ಮಾತು ಬಿಡಿ. ಹಳೇ ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಎರಡು ವಾಹನ ಎದುರಾದರೆ ಒಂದು ಬೆಟ್ಟವನ್ನು ಉಜ್ಜಬೇಕು, ಇನ್ನೊಂದು ಕಂದಕವನ್ನು ಇಣುಕಬೇಕು. ಕಂದಕದ ಕಡೆ ಕಲ್ಲಿನ ತಡೆಗೋಡೆಯಿತ್ತು. ಹಿಂದಿನ ಮಳೆಗಾಲದಲ್ಲಿ ಅದು ಕುಸಿದು ಹೋಯಿತು. ಅದರ ಜಾಗದಲ್ಲಿ ನೀವು ಏನಿಟ್ಟಿರಿ? ಖಾಲಿ ಡಾಂಬರು ಡ್ರಮ್ಮುಗಳು, ಅವುಗಳಿಗೆ ಸುತ್ತಿದ ಒಂದು ಕೆಂಪು ಪಟ್ಟಿ, ಪಕ್ಕದಲ್ಲಿ ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎಂಬ ಫಲಕ. ಜೋರು ಗಾಳಿ ಬಂದ ದಿನ ಡ್ರಮ್ಮುಗಳೂ ಕೆಳಗಿಳಿದು ಹೋದವು. ಫಲಕ ಮಾತ್ರ ಗಟ್ಟಿಯಾಗಿ ನಿಂತಿದೆ. ನಿಮ್ಮ ಇಲಾಖೆಗೆ ಗಟ್ಟಿಯಾಗಿ ಕಟ್ಟಲು ಬರುವುದಿಲ್ಲ ಎಂದು ಇನ್ನು ಯಾರಾದರೂ ಹೇಗೆ ಹೇಳಿಯಾರು?

ನನ್ನ ಗಂಡನನ್ನು ಆ ದಾರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ನಿಧಾನಪ್ಪ. ಕಾಲೇಜು ಹುಡುಗರು ಇಟ್ಟ ಹೆಸರು. “ನಿಧಾನಪ್ಪನ ಬಸ್ಸಿಗೆ ಹತ್ತಿದ್ರೆ ಪರೀಕ್ಷೆ ಮುಗಿದ ಮೇಲೆ ಕಾಲೇಜು ಸಿಗುತ್ತೆ” ಎಂದು ನಗುತ್ತಿದ್ದರು. ನಾನು ಬಸ್ ನಿಲ್ದಾಣದ ಪಕ್ಕದಲ್ಲೇ ಹೊಲಿಗೆ ಅಂಗಡಿ ನಡೆಸುವವಳು. ಅವರ ಬಸ್ಸು ತಡವಾಯಿತೆಂಬ ಬೈಗುಳವನ್ನು ಮೊದಲು ಕೇಳುತ್ತಿದ್ದವಳು ನಾನೇ. ಒಮ್ಮೆ ರೇಗಿ, “ರೀ, ಸ್ವಲ್ಪ ಬೇಗ ಓಡಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದಿದ್ದೆ. “ನನ್ನ ಗಂಟಲ್ಲ ಕಣೇ, ಹಿಂದೆ ಕೂತೋರ ಗಂಟು,” ಎಂದು ಕೈ ತೊಳೆಯಲು ಹೋದರು. ಇಂಥವರ ಮೇಲೆ ನಿಮ್ಮ ವರದಿ ಅಜಾಗರೂಕತೆ ಹೊರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜವಾಗಿಯೂ ನೆಲ ಡೊಂಕಾಗಿದ್ದರೆ ಏನನ್ನಬೇಕೆಂದು ಆ ಗಾದೆ ಹೇಳುವುದಿಲ್ಲ. ನೀವು ಅದಕ್ಕೊಂದು ಉತ್ತರ ಕಂಡುಕೊಂಡಿದ್ದೀರಿ: ಕುಣಿದವನನ್ನೇ ದೂರಬೇಕು, ಅದರಲ್ಲೂ ಅವನು ಸತ್ತಿದ್ದರೆ ಇನ್ನೂ ಅನುಕೂಲ.

ಆ ಮಧ್ಯಾಹ್ನ ಏನಾಯಿತೆಂದು ಕೇಳಲು ನೀವು ಯಾರನ್ನೂ ಕಳಿಸಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಬಸ್ಸು ಏರು ಹತ್ತುತ್ತಿತ್ತು. ಮೇಲಿನಿಂದ ಮರದ ದಿಮ್ಮಿ ಹೇರಿದ ಲಾರಿ ಇಳಿದು ಬಂತು. ಅಷ್ಟು ಭಾರ ಹೊತ್ತು ಇಳಿಜಾರಿನಲ್ಲಿ ಬರುವ ಲಾರಿ ಹಿಂದೆ ಸರಿಯಲಾರದು. ಇವರು ಕಂದಕದ ಕಡೆ ಸರಿದು ದಾರಿ ಬಿಟ್ಟು ನಿಂತರು. ಲಾರಿ ದಾಟಿತು. ಆಮೇಲೆ, ನಿಂತಿದ್ದ ಬಸ್ಸಿನ ಎಡಗಾಲಿಗಳ ಕೆಳಗೆ ರಸ್ತೆಯ ಅಂಚೇ ಕುಸಿಯಿತು. ಬಸ್ಸು ಕಂದಕದ ಕಡೆ ವಾಲಿತು. ಜನ ಇಳಿಯುವ ಬಾಗಿಲು ಅದೇ ಕಡೆಗಿತ್ತು, ಅದರ ಕೆಳಗೆ ನೆಲವಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದರೂ ಬಸ್ಸು ಹಿಂದಕ್ಕೆ ಜಾರುತ್ತಿತ್ತು. ಇವರು ಬ್ರೇಕನ್ನು ಕಾಲಿನಿಂದ ಒತ್ತಿ ಹಿಡಿದು, ಹಿಂದಿನ ತುರ್ತು ಬಾಗಿಲು ತೆಗೆಯುವಂತೆ ಕಂಡಕ್ಟರಿಗೆ ಕೂಗಿದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಉಳಿದದ್ದು ಮಂಡಿ ನೋವಿನ ಒಬ್ಬ ಅಜ್ಜಿ. ಅವರನ್ನು ಕಂಡಕ್ಟರು ತಬ್ಬಿ ಎತ್ತಿ ಇಳಿಸಿದ.

“ಅಣ್ಣಾ, ಎಲ್ಲ ಇಳಿದ್ರು! ನೀವೂ ಹಾರ್ಕೊಳ್ಳಿ!” ಎಂದು ಅವನು ಕಿರುಚಿದ.

ನನ್ನ ಗಂಡನ ಬಲಗೈಯ ಪಕ್ಕದಲ್ಲೇ ಚಾಲಕನ ಬಾಗಿಲಿತ್ತು. ಬೆಟ್ಟದ ಕಡೆಗೆ, ಗಟ್ಟಿ ನೆಲದ ಕಡೆಗೆ. ಆದರೆ ಇಳಿದವರೆಲ್ಲ ಗಾಬರಿಯಲ್ಲಿ ಬಸ್ಸಿನ ಹಿಂದೆಯೇ ಗುಂಪಾಗಿ ನಿಂತಿದ್ದರು.

“ಕಾಲು ತೆಗೆದ್ರೆ ಅವರ ಮೇಲೇ ಹೋಗುತ್ತಲ್ಲೋ. ಮೊದಲು ಜನಾನ ಸರಿಸು. ಆಮೇಲೆ ಗಾಲಿಗೆ ಕಲ್ಲು ಕೊಡು,” ಎಂದರಂತೆ.

ಅವನು ಜನರನ್ನು ಸರಿಸಿದ. ಕಲ್ಲು ಎತ್ತಿಕೊಂಡು ತಿರುಗುವಷ್ಟರಲ್ಲಿ ಅಂಚಿನ ಉಳಿದ ಮಣ್ಣೂ ಹೋಯಿತು. ಹೋಗುವಾಗ ಬಸ್ಸು ದೊಡ್ಡ ಸದ್ದೇನೂ ಮಾಡಲಿಲ್ಲ, ಸದ್ದೆಲ್ಲ ಆಮೇಲೆ ಕೆಳಗಿನಿಂದ ಬಂತು ಎಂದು ಅವನು ಇಂದಿಗೂ ಹೇಳಿ ಅಳುತ್ತಾನೆ.

ವರದಿ ಬಂದ ಮೇಲೆ ಅವನನ್ನೇ ಕರೆದುಕೊಂಡು ನಿಮ್ಮ ಕೋಣೆಗೆ ಬಂದಿದ್ದೆ. ನಿಮಗೆ ನೆನಪಿರಲಾರದು. ನಿಮ್ಮ ಹಿಂದಿನ ಗೋಡೆಯ ಮೇಲಿನ ನಕ್ಷೆಯಲ್ಲಿ ನಮ್ಮ ಹೆದ್ದಾರಿ ನೂಲಿನಂತೆ ನುಣ್ಣಗೆ ಹರಿದಿತ್ತು.

“ಸಾರ್, ಅಲ್ಲಿ ಗೋಡೆ ಇರಲಿಲ್ಲ,” ಎಂದೆ.

“ಇಲ್ಲ ಅಂತಾನೇ ಬೋರ್ಡ್ ಹಾಕಿದ್ದೀವಲ್ಲಮ್ಮ. ಉಳಿದ ಬಸ್ಸುಗಳೆಲ್ಲ ಬಿದ್ವಾ?”

“ಎದುರಿಗೆ ಲಾರಿ ಬಂದಾಗ ಅವರು ಎಲ್ಲಿಗೆ ಹೋಗಬೇಕಿತ್ತು ಸಾರ್?”

“ಅದು ಚಾಲಕನ ವಿವೇಚನೆಗೆ ಬಿಟ್ಟದ್ದು,” ಎಂದು ನೀವು ಫೋನು ಎತ್ತಿಕೊಂಡಿರಿ. ಕಂಡಕ್ಟರು ಬಾಯಿ ತೆರೆದ. ನೀವು ಕೈಯಲ್ಲೇ ಬಾಗಿಲು ತೋರಿಸಿದಿರಿ.

ವಿವೇಚನೆ! ಸ್ವಾಮಿ, ಅವರು ವಿವೇಚನೆಯಿಂದಲೇ ಸತ್ತರು. ಅದಿಲ್ಲದಿದ್ದರೆ ಬಾಗಿಲು ತೆಗೆದು ಹಾರಿ, ಈ ಹೊತ್ತು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಆಗ ನಿಮ್ಮ ವರದಿಯಲ್ಲಿ ಸತ್ತವರ ಪಟ್ಟಿ ಉದ್ದವಾಗಿರುತ್ತಿತ್ತು, ಕಾರಣದ ಸಾಲು ಮಾತ್ರ ಅದೇ ಇರುತ್ತಿತ್ತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವವರಿಗೆ ಎತ್ತು ಬದುಕಿದೆಯೋ ಸತ್ತಿದೆಯೋ ಎಂಬ ವಿಚಾರವೇಕೆ?

ಆ ಅಜ್ಜಿ ಈಚೆಗೆ ನನ್ನ ಅಂಗಡಿಗೆ ಬಂದಿದ್ದರು. ಹೊಲಿಸುವುದು ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, “ನನ್ನನ್ನ ಕೇಳಿದ್ರೆ ಎಲ್ಲಾ ಹೇಳ್ತಿದ್ದೆ ಮಗಳೇ. ಯಾರೂ ಕೇಳಲೇ ಇಲ್ಲ,” ಎಂದರು. ನನ್ನ ಮಗಳನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ಪತ್ರಿಕೆಯಲ್ಲಿ ನಿಮ್ಮ ವಾಕ್ಯ ಅಚ್ಚಾದ ಮಾರನೆಯ ದಿನ ಕಾಲೇಜಿನಲ್ಲಿ ಒಬ್ಬಳು, “ನಿಮ್ಮಪ್ಪ ಕುಡಿದಿದ್ರಾ?” ಎಂದು ಕೇಳಿದಳಂತೆ. ಮನೆಗೆ ಬಂದು ಚೀಲ ಕೂಡ ಇಳಿಸದೆ, “ಅಮ್ಮಾ, ಅಪ್ಪ ಜಾಗರೂಕತೆಯಿಂದ ಇದ್ರು ಅಂತ ಯಾರು ಬರೀತಾರೆ?” ಎಂದಳು. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ಅತ್ತಾದ ಮೇಲೆ ಈ ಪತ್ರ ಬರೆಯಲು ಕೂತೆ.

ಈಗ ಆ ತಿರುವಿನಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತೇ? ಬಸ್ಸು ಸೇತುವೆಯ ಬಳಿ ನಿಲ್ಲುತ್ತದೆ. ಯಾರೂ ಹೇಳದಿದ್ದರೂ ಎಲ್ಲರೂ ಇಳಿಯುತ್ತಾರೆ. ಬಸುರಿಯರು, ಕೂಸು ಎತ್ತಿಕೊಂಡವರು, ಪುಸ್ತಕ ಹಿಡಿದ ನನ್ನ ಮಗಳು, ಎಲ್ಲರೂ ಬೆಟ್ಟಕ್ಕೆ ಅಂಟಿಕೊಂಡು ಸಾಲಾಗಿ ನಡೆದು ಹೋಗುತ್ತಾರೆ. ಖಾಲಿ ಬಸ್ಸು ಹಿಂದಿನಿಂದ ತೆವಳಿ ಬರುತ್ತದೆ. ಆಚೆ ಬದಿಯಲ್ಲಿ ಮತ್ತೆ ಹತ್ತುತ್ತಾರೆ. ಇಳಿಯಲಾಗದವನು ಒಬ್ಬನೇ, ಚಾಲಕ. ಈಗ ಬರುವವನು ಹೊಸಬ, ಮೊನ್ನೆ ಮೊನ್ನೆ ಮದುವೆಯಾದವನು.

ನನ್ನ ಬೇಡಿಕೆ ದೊಡ್ಡದಲ್ಲ. ಆ ವಾಕ್ಯ ಹೊಡೆದು ಹಾಕಿ, ಗೋಡೆ ಕಟ್ಟಿಸಿ. ಕಟ್ಟುವವರೆಗೆ, ನಿಮಗೆ ಬಿಡುವಾದ ಯಾವುದಾದರೂ ದಿನ, ಕಾರು ಬಿಟ್ಟು ನಮ್ಮ ಬಸ್ಸಿಗೆ ಬನ್ನಿ. ಸೇತುವೆಯ ಬಳಿ ಎಲ್ಲರೂ ಇಳಿದಾಗ ನೀವು ಇಳಿಯಬೇಡಿ. ಆ ಹುಡುಗನ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ತಿರುವು ದಾಟುವಾಗ ಅವನ ಜೊತೆ ಒಬ್ಬರಾದರೂ ಇರಲಿ.

ಇಂತಿ,
ನಿಮ್ಮ ಫಲಕವನ್ನು ಪ್ರತಿದಿನವೂ ಓದಿಕೊಂಡು ನಡೆದುಹೋಗುವವಳ ತಾಯಿ,
ನಿಮ್ಮ ವರದಿಯ ಅಜಾಗರೂಕ ಚಾಲಕನ ಹೆಂಡತಿ